ಬೆರಕೆ ಪ್ಲಾಸ್ಟಿಕ್‌ಗೆ ಸಸ್ಯಮೂಲದ ಪುಡಿ ಹಾಕಿದರೆ ಒಳ್ಳೆಯ ದಾನಾ ಬರುತ್ತದೆಯೇ?

ದಾನಾ ಘಟಕ, ತುಮಕೂರು

ಎಲ್ಲರಿಗೂ ನಮಸ್ಕಾರ. ತುಮಕೂರಿನ ಹೊರವಲಯದಲ್ಲಿ ಹಳೆಯ ಪ್ಲಾಸ್ಟಿಕ್‌ನಿಂದ ದಾನಾ, ಎಂದರೆ ಮತ್ತೆ ಬಳಸುವ ಪ್ಲಾಸ್ಟಿಕ್ ಕಾಳು, ತಯಾರಿಸುವ ಸಣ್ಣ ಘಟಕವೊಂದನ್ನು ನಡೆಸುತ್ತಿದ್ದೇನೆ. ಒಂದು ಗ್ರೈಂಡರ್, ತೊಳೆಯುವ ತೊಟ್ಟಿ, ತೆಳು ಕವರುಗಳನ್ನು ಉಂಡೆಗಟ್ಟಿಸುವ ಒಂದು ಅಗ್ಲೋ ಮತ್ತು ಪ್ಲಾಸ್ಟಿಕ್ ಕರಗಿಸಿ ಎಳೆಯಾಗಿ ತಳ್ಳುವ ಒಂಟಿ ಸ್ಕ್ರೂವಿನ ಎಕ್ಸ್‌ಟ್ರೂಡರ್ ಬಿಟ್ಟರೆ ನನ್ನಲ್ಲಿ ಬೇರೆ ಯಂತ್ರಗಳಿಲ್ಲ. ಹಾಲಿನ ಕವರು ಅಥವಾ ಶುದ್ಧ ಎಲ್‌ಡಿ (ಕಡಿಮೆ ಸಾಂದ್ರತೆಯ ಪಾಲಿಎಥಿಲೀನ್) ಸಿಕ್ಕಿದ ದಿನ ಕೆಲಸ ಸಲೀಸಾಗಿ ಸಾಗುತ್ತದೆ. ಆದರೆ ಈಚೆಗೆ ಗುಜರಿಯಿಂದ ಬರುವ ಬೇಲ್‌ಗಳಲ್ಲಿ ಕೈಚೀಲ, ಬಟ್ಟೆಯ ಕವರು, ಅಕ್ಕಿಚೀಲದ ತುಂಡು, ಬಿಸ್ಕತ್ತಿನ ಪೊಟ್ಟಣ, ಶಾಂಪೂ ಸ್ಯಾಷೆ ಎಲ್ಲವೂ ಸೇರಿಕೊಂಡಿರುತ್ತವೆ. ಅಂಥ ಮಾಲಿನಿಂದ ಎಳೆದ ದಾನಾ ನೋಡಲು ಚೆನ್ನಾಗಿದ್ದರೂ ಪೈಪು ಮಾಡುವವರ ಕೈಗೆ ಹೋದ ಮೇಲೆ ಸೀಳುತ್ತದೆ, ಮಾಲು ವಾಪಸು ಬರುತ್ತದೆ.

ಹೋದ ವಾರ ಒಬ್ಬ ಮಾರಾಟಗಾರರು ಬಂದು, ನೂರಕ್ಕೆ ನೂರರಷ್ಟು ಸಸ್ಯಮೂಲದ್ದೆಂದು ಹೇಳಿ ಒಂದು ಬಿಳಿ ಪುಡಿಯನ್ನು ತೋರಿಸಿದರು. ಯಾವ ಪ್ಲಾಸ್ಟಿಕ್ ಯಾವುದರ ಜೊತೆ ಬೆರೆತಿದ್ದರೂ ನೂರು ಕಿಲೋಗೆ ಎರಡು ಕಿಲೋ ಪುಡಿ ಹಾಕಿದರೆ ಸಾಕು, ಎಲ್ಲವೂ ಒಂದಾಗಿ ಮೊದಲ ದರ್ಜೆಯ ದಾನಾ ಆಗುತ್ತದೆ, ಇನ್ನು ಮುಂದೆ ವಿಂಗಡಿಸುವ ಕೂಲಿಯೇ ಬೇಡ ಎಂಬುದು ಅವರ ಮಾತು. ಪರೀಕ್ಷೆಗೆಂದು ಒಂದು ಚೀಲ ಬಿಟ್ಟು ಹೋಗಿದ್ದಾರೆ. ಪೂರ್ತಿ ಖರೀದಿಗೆ ಮುಂಗಡ ಕೊಡುವ ಮೊದಲು ತಿಳಿದವರನ್ನು ಕೇಳೋಣವೆನಿಸಿತು. ಇಂಥ ವಸ್ತು ನಿಜವಾಗಿ ಕೆಲಸ ಮಾಡುತ್ತದೆಯೇ?

ಎಕ್ಸ್‌ಟ್ರೂಡರ್ ಚಾಲಕ, ಮಾಲೂರು

ಯಾವ ಪ್ಲಾಸ್ಟಿಕ್‌ಗಾದರೂ ಆಗುತ್ತದೆ ಎಂದು ಅವರು ಹೇಳಿದ್ದರೆ, ಸರ್, ಅಲ್ಲಿಗೇ ನಿಲ್ಲಿಸಿಬಿಡಬಹುದು. ಎಲ್‌ಡಿ ಸುಮಾರು 110 ಡಿಗ್ರಿಯಲ್ಲಿ ಕರಗುತ್ತದೆ, ಅಕ್ಕಿಚೀಲದ ಪಿಪಿಗೆ (ಪಾಲಿಪ್ರೊಪಿಲೀನ್) 160ರ ಮೇಲೆ ಬೇಕು, ನೀರಿನ ಬಾಟಲಿಯ ಪೆಟ್‌ಗೆ 250 ದಾಟಬೇಕು. ಪಿಪಿ ಕರಗುವ ಶಾಖದಲ್ಲಿ ಪೆಟ್ ಚೂರುಗಳು ಕಲ್ಲಿನಂತೆ ಉಳಿದು ಜಾಲರಿಯನ್ನು ಮುಚ್ಚುತ್ತವೆ. ಪೆಟ್ ಕರಗುವಷ್ಟು ಶಾಖ ಕೊಟ್ಟರೆ ನಡುವೆ ಸಿಕ್ಕ ಪಿವಿಸಿ ಕಪ್ಪಾಗಿ ಆಮ್ಲದ ಹೊಗೆ ಬಿಟ್ಟು ಸ್ಕ್ರೂ ತಿರುಗುವ ಬ್ಯಾರಲ್ಲನ್ನೇ ತಿನ್ನುತ್ತದೆ. ಪುಡಿ ಗಿಡದಿಂದ ಬಂದದ್ದೋ ಬೆಟ್ಟದಿಂದ ಬಂದದ್ದೋ ಎಂಬುದು ಆಮೇಲಿನ ಪ್ರಶ್ನೆ.

ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ತುಮಕೂರು

ಮಾಲೂರಿನವರ ಮಾತು ಸರಿಯಾಗಿದೆ. ಆದರೂ ಆ ಮಾರಾಟಗಾರರು ಹೇಳಿದ್ದರ ಹಿಂದೆ ನಿಜವಾದ ವಿಜ್ಞಾನದ ಒಂದು ಎಳೆ ಇರುವುದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎರಡು ಬಗೆಯ ಪ್ಲಾಸ್ಟಿಕ್‌ಗಳು ಬ್ಯಾರಲ್ಲಿನೊಳಗೆ ಕರಗಿ ಒಂದೇ ಪಾಕದಂತೆ ಕಂಡರೂ ಒಳಗೆ ಬೆರೆತಿರುವುದಿಲ್ಲ. ಮಜ್ಜಿಗೆಯಲ್ಲಿ ಬೆಣ್ಣೆಯ ಕಣಗಳಿರುವ ಹಾಗೆ ಒಂದು ಇನ್ನೊಂದರಲ್ಲಿ ಹನಿಹನಿಯಾಗಿ ಚದುರಿರುತ್ತದೆ, ಅಷ್ಟೆ. ಎಲ್‌ಡಿ ಮತ್ತು ಪಿಪಿ ಎರಡೂ ಇಂಗಾಲ ಹಾಗೂ ಜಲಜನಕಗಳಿಂದಲೇ ಆದವು, ದಾಯಾದಿಗಳೆಂದೇ ಹೇಳಬಹುದು. ಹಾಗಿದ್ದೂ ಅವು ಕೂಡುವುದಿಲ್ಲ. ಇದಕ್ಕೆ ಕಾರಣ ಅವುಗಳ ಸರಪಳಿಯ ಉದ್ದ. ಸಣ್ಣ ಅಣುಗಳು ಬೆರೆತಾಗ ಚೆಲ್ಲಾಪಿಲ್ಲಿಯಾಗುವ ಸ್ವಾತಂತ್ರ್ಯ ಹೆಚ್ಚುತ್ತದೆ, ಪ್ರಕೃತಿ ಅದಕ್ಕೆ ಒಲಿಯುತ್ತದೆ. ಸಾವಿರಾರು ಕೊಂಡಿಗಳ ಉದ್ದದ ಸರಪಳಿಗಳಿಗೆ ಬೆರೆಯುವುದರಿಂದ ಸಿಗುವ ಆ ಸ್ವಾತಂತ್ರ್ಯ ತೀರಾ ಕಡಿಮೆಯಾದ್ದರಿಂದ ಅವುಗಳ ನಡುವಿನ ಚಿಕ್ಕ ಭೇದವೂ ಅವನ್ನು ದೂರವಿಡಲು ಸಾಕಾಗುತ್ತದೆ. ಮಾಲು ತಣಿಯುವಾಗ ಪಿಪಿ ಮೊದಲು ಗಟ್ಟಿಯಾಗುತ್ತದೆ, ಎಲ್‌ಡಿ ಆಮೇಲೆ. ಎರಡರ ಗಡಿಯಲ್ಲಿ ಹಿಡಿತವೇ ಇರುವುದಿಲ್ಲ. ನಿಮ್ಮ ದಾನಾದಿಂದ ಎಳೆದ ಪೈಪು ಸೀಳುವುದು ಆ ಗಡಿಯಲ್ಲಿಯೇ.

ಹಬ್ಬದ ದಿನ ಎಣ್ಣೆ ಹಚ್ಚಿಕೊಂಡ ಮೈಗೆ ಬರಿಯ ನೀರು ಸುರಿದರೆ ಎಣ್ಣೆ ಬಿಡುವುದಿಲ್ಲ, ಅಂಟುವಾಳದ ನೊರೆ ಹಚ್ಚಿದರೆ ಬಿಡುತ್ತದೆ. ಅಂಟುವಾಳದಲ್ಲಿರುವ ಸಾಪೊನಿನ್ ಅಣುವಿನ ಒಂದು ತುದಿ ನೀರನ್ನೂ ಇನ್ನೊಂದು ತುದಿ ಎಣ್ಣೆಯನ್ನೂ ಹಿಡಿಯುವುದರಿಂದ ಹೀಗಾಗುತ್ತದೆ. ಪ್ಲಾಸ್ಟಿಕ್‌ಗಳ ನಡುವೆ ಇದೇ ಮಧ್ಯಸ್ಥಿಕೆಯನ್ನು ಮಾಡುವ ವಸ್ತುವಿಗೆ ಉದ್ಯಮದಲ್ಲಿ ಕಂಪ್ಯಾಟಿಬಿಲೈಜರ್ ಎನ್ನುತ್ತಾರೆ. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಮಲೇಯಿಕ್ ಅನ್‌ಹೈಡ್ರೈಡ್ ಕಸಿ ಮಾಡಿದ ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್. ಅವು ಪೆಟ್ರೋಲಿಯಂ ಮೂಲದವು. ಅದೇ ಕೆಲಸವನ್ನು ಅಗಸೆ, ಸೋಯಾ, ಹರಳು ಮುಂತಾದವುಗಳ ಎಣ್ಣೆಯಿಂದ ಅಥವಾ ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್‌ನಿಂದ ಮಾಡಿಸಲು ಸಾಧ್ಯವೇ ಎಂಬ ಸಂಶೋಧನೆ ಜಗತ್ತಿನ ಹಲವೆಡೆ ನಡೆದಿದೆ. ಹಾಗಾಗಿ ಸಸ್ಯಮೂಲ ಎಂಬ ಮಾತನ್ನು ಕೇಳಿದೊಡನೆ ನಗಬೇಕಾಗಿಲ್ಲ.

ನಗಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಲು ಒಂದು ಸಣ್ಣ ಪರೀಕ್ಷೆ ಮಾಡಿ. ಹಳೆಯ ಸ್ಟೀಲ್ ಚಮಚದಲ್ಲಿ ಒಂದು ಚಿಟಿಕೆ ಪುಡಿಯನ್ನಿಟ್ಟು ಬಯಲಿನಲ್ಲಿ ಗ್ಯಾಸಿನ ಉರಿಯ ಮೇಲೆ ಹಿಡಿಯಿರಿ. ಅದು ಸಸ್ಯದ ಪದಾರ್ಥವೇ ಆಗಿದ್ದರೆ ಕರಕಲಾಗಿ ಸುಟ್ಟು ಬಹುಪಾಲು ಹೋಗಿಬಿಡಬೇಕು. ಬೂದಿ ಬೆಳ್ಳಗೆ ಹಾಗೆಯೇ ಉಳಿದರೆ, ಆರಿದ ಮೇಲೆ ಅದರ ಮೇಲೆ ನಿಂಬೆರಸ ಹಿಂಡಿ ನೋಡಿ.

ಒಕ್ಕೂಟದ ಸದಸ್ಯೆ, ಗುಬ್ಬಿ ತಾಲ್ಲೂಕು

ಕಸ ವಿಂಗಡಿಸುವ ನಮ್ಮ ಪಂಚಾಯಿತಿಯ ಸ್ವಚ್ಛ ಸಂಕೀರ್ಣವನ್ನು ಸಂಜೀವಿನಿ ಮಹಿಳಾ ಒಕ್ಕೂಟದ ನಾವು ಐದು ಮಂದಿ ಹೆಂಗಸರು ನಡೆಸುತ್ತೇವೆ. ಕಸದ ಗಾಡಿಯಾದ ಸ್ವಚ್ಛ ವಾಹಿನಿಯನ್ನು ಓಡಿಸುವವಳೂ ನಮ್ಮವಳೇ. ರಸಾಯನಶಾಸ್ತ್ರ ನನಗೆ ತಿಳಿಯದು, ಆದರೆ ವಿಂಗಡಿಸುವ ಕೂಲಿಯೇ ಬೇಡ ಎಂಬ ಮಾತನ್ನು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ.

ಮೇಷ್ಟ್ರು ದಾಯಾದಿಗಳೆಂದು ಕರೆದ ಎಲ್‌ಡಿ, ಪಿಪಿಗಳನ್ನು ನಾವು ಕೈಯಲ್ಲೇ ಗುರುತಿಸುತ್ತೇವೆ. ಎಲ್‌ಡಿ ಮೆತ್ತಗಿದ್ದು ಎಳೆದರೆ ಹಿಗ್ಗುತ್ತದೆ. ಎಚ್‌ಎಂ ಎಂಬ ಇನ್ನೊಂದು ಜಾತಿಯ ತೆಳು ಕವರನ್ನು ಮುದುಡಿದರೆ ಒಣ ಎಲೆಯಂತೆ ಸರಸರ ಸದ್ದು ಮಾಡುತ್ತದೆ. ಬಟ್ಟೆ ಅಂಗಡಿಯ ಹೊಳೆಯುವ ಪಿಪಿ ಕವರು ಹಿಗ್ಗುವುದಿಲ್ಲ, ಅಂಚಿನಲ್ಲಿ ಒಂದು ಗೀರು ಬಿದ್ದರೆ ಉದ್ದಕ್ಕೂ ಹರಿದುಕೊಂಡು ಹೋಗುತ್ತದೆ. ಚಿಪ್ಸಿನ ಪೊಟ್ಟಣದ ಒಳಗೆ ಬೆಳ್ಳಿಯ ಬಣ್ಣವಿರುತ್ತದೆ. ಇವನ್ನೆಲ್ಲ ಕಲಿಯಲು ಹೊಸಬರಿಗೆ ಎರಡು ವಾರ ಸಾಕು. ನೀರಿನಲ್ಲಿ ತೇಲಿಸಿ ಬೇರ್ಪಡಿಸಬಹುದಲ್ಲ ಎಂದು ತರಬೇತಿಗೆ ಬಂದವರೊಬ್ಬರು ಹೇಳಿದ್ದರು. ಆದರೆ ಎಲ್‌ಡಿಯೂ ತೇಲುತ್ತದೆ, ಎಚ್‌ಎಂ ಕೂಡ ತೇಲುತ್ತದೆ, ಪಿಪಿಯೂ ತೇಲುತ್ತದೆ. ಮುಳುಗುವುದು ಪೆಟ್, ಪಿವಿಸಿಯಂಥವು ಮಾತ್ರ.

ಹೀಗೆ ನಾಲ್ಕು ಗುಡ್ಡೆ ಮಾಡಿಟ್ಟರೂ ತೂಕಕ್ಕೆ ಹಾಕುವಾಗ ಗುಜರಿಯವರು ಒಂದೇ ದರ ಹೇಳಿ ನಾಲ್ಕನ್ನೂ ಒಂದೇ ಲಾರಿಗೆ ಎಸೆಯುತ್ತಾರೆ. ದಾನಾ ಘಟಕದ ಅಣ್ಣ ಅವರಿಗೆ ಬೆರಕೆ ಬೇಲ್ ಬರುತ್ತಿರುವುದು ವಿಂಗಡಣೆ ನಡೆಯದೆ ಇರುವುದರಿಂದಲ್ಲ, ವಿಂಗಡಿಸಿದ್ದಕ್ಕೆ ಬೆಲೆ ಇಲ್ಲದಿರುವುದರಿಂದ ಎಂದು ನನಗನ್ನಿಸುತ್ತದೆ. ಪುಡಿಗೆ ಕೊಡಲಿರುವ ಹಣವನ್ನು ಒಮ್ಮೆ ನೂರು ಕಿಲೋ ಮಾಲಿನ ಮೇಲೆ ಹಂಚಿ ಲೆಕ್ಕ ಹಾಕಿ, ಅದರಲ್ಲಿ ನಮಗೆ ಕಿಲೋಗೆ ಎಷ್ಟು ಹೆಚ್ಚು ಕೊಡಬಹುದಿತ್ತು ಎಂಬುದನ್ನು ನೋಡಿಕೊಳ್ಳಿ.

ದಾನಾ ಘಟಕ, ತುಮಕೂರು

ಅಕ್ಕ ಅವರ ಮಾತಿಗೆ ಉತ್ತರ ಕೊಡುವ ಮೊದಲು ಮೇಷ್ಟ್ರು ಹೇಳಿದ ಪರೀಕ್ಷೆಯ ಫಲವನ್ನು ತಿಳಿಸುತ್ತೇನೆ. ಚಮಚ ಕಾದಾಗ ಮೇಣದ ಬತ್ತಿಯನ್ನು ಆರಿಸಿದಂಥ ವಾಸನೆ ಬಂತು, ಸ್ವಲ್ಪ ಹೊಗೆಯೂ ಎದ್ದಿತು. ಅದಾದ ಮೇಲೆ ಎಷ್ಟು ಹೊತ್ತು ಹಿಡಿದರೂ ಪುಡಿ ಕಡಿಮೆಯಾಗಲಿಲ್ಲ, ನಡುವೆ ಸ್ವಲ್ಪ ಬೂದು ಬಣ್ಣಕ್ಕೆ ತಿರುಗಿ ಮತ್ತೆ ಬೆಳ್ಳಗಾಯಿತು. ಆರಿದ ಮೇಲೆ ನಿಂಬೆರಸ ಹಾಕಿದಾಗ ಸೋಡಾ ಬಾಟಲಿ ತೆರೆದಂತೆ ನೊರೆ ಬಂತು. ಸುಡದ ಪುಡಿಯನ್ನು ನೀರಿಗೆ ಹಾಕಿದರೆ ಅದು ಒದ್ದೆಯಾಗದೆ ಮೇಲೆಯೇ ನಿಲ್ಲುತ್ತಿದೆ.

ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ತುಮಕೂರು

ಹಾಗಿದ್ದರೆ ಅದು ಬಹುಮಟ್ಟಿಗೆ ಸುಣ್ಣದಕಲ್ಲಿನ ಪುಡಿ, ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಕಣಗಳು ಗಂಟುಕಟ್ಟದೆ ಪ್ಲಾಸ್ಟಿಕ್‌ನಲ್ಲಿ ಹರಡಲಿ ಎಂದು ಅದಕ್ಕೆ ಸ್ಟಿಯರಿಕ್ ಆಮ್ಲದ ತೆಳು ಲೇಪ ಕೊಡುವ ರೂಢಿಯಿದೆ. ಒದ್ದೆಯಾಗದಿರುವುದಕ್ಕೂ ಮೇಣದ ವಾಸನೆಗೂ ಆ ಲೇಪವೇ ಕಾರಣವಿರಬೇಕು. ಸ್ಟಿಯರಿಕ್ ಆಮ್ಲವನ್ನು ತಾಳೆ ಎಣ್ಣೆಯಿಂದ ತೆಗೆಯುವುದುಂಟು. ಆ ಲೆಕ್ಕದಲ್ಲಿ ಮಾರಾಟಗಾರರು ಹೇಳಿದ್ದರಲ್ಲಿ ಲೇಪದಷ್ಟು ದಪ್ಪದ ಸತ್ಯವಿದೆ.

ಇದು ಕೆಟ್ಟ ಪದಾರ್ಥವೇನಲ್ಲ. ಕುರ್ಚಿ, ಚೀಲ, ಪೈಪು ಎಲ್ಲದರಲ್ಲೂ ತುಂಬುವ ಪುಡಿಯಾಗಿ ಇದನ್ನು ಹಾಕುತ್ತಾರೆ. ಆದರೆ ಇದು ಎಲ್‌ಡಿಯನ್ನೂ ಪಿಪಿಯನ್ನೂ ಹಿಡಿದು ಕಟ್ಟುವುದಿಲ್ಲ.

ಓದುಗ, ಚಿಂತಾಮಣಿ

ಮೋಸದ ಕಥೆ ಇಲ್ಲಿಗೆ ಮುಗಿಯಿತೆಂದುಕೊಳ್ಳೋಣ. ನನ್ನ ಪ್ರಶ್ನೆ ನಿಜವಾದ ಸಸ್ಯಮೂಲದ ವಸ್ತುಗಳ ಬಗ್ಗೆ. ನಮ್ಮೂರಿನ ಕೃಷಿ ಸಂಶೋಧನಾ ಕೇಂದ್ರ ಗೋಡಂಬಿಯ ಕೆಲಸಕ್ಕೆ ಹೆಸರಾದದ್ದು, ಚಿಂತಾಮಣಿ–1 ಎಂಬ ತಳಿಯೇ ಇದೆ. ಗೋಡಂಬಿಯ ಸಿಪ್ಪೆಯಿಂದ ತೆಗೆಯುವ, ಕೈಗೆ ತಾಗಿದರೆ ಚರ್ಮ ಸುಡುವ ಆ ಎಣ್ಣೆಯನ್ನು ಕಾಯಿಸಿ ಶುದ್ಧಗೊಳಿಸಿದರೆ ಕಾರ್ಡನಾಲ್ ಎಂಬ ವಸ್ತು ಸಿಗುತ್ತದೆ, ವಾಹನಗಳ ಬ್ರೇಕ್ ಲೈನಿಂಗ್‌ಗೆ ಅದು ಹೋಗುತ್ತದೆ ಎಂದು ಓದಿದ್ದೇನೆ. ಒಂದು ತುದಿಯಲ್ಲಿ ಫಿನಾಲ್, ಇನ್ನೊಂದು ಕಡೆ ಹದಿನೈದು ಇಂಗಾಲಗಳ ಬಾಲ: ಮೇಷ್ಟ್ರು ಹೇಳಿದ ಅಂಟುವಾಳದ ಲಕ್ಷಣವೇ ಅಲ್ಲವೇ? ಹೊಂಗೆ, ಹರಳು ನಮ್ಮ ಬದುಗಳಲ್ಲಿಯೇ ಬೆಳೆಯುತ್ತವೆ. ಇವುಗಳನ್ನು ಬಳಸಿ ಎಲ್‌ಡಿ, ಪಿಪಿಗಳನ್ನು ಬೆಸೆಯಲು ಏಕೆ ಸಾಧ್ಯವಿಲ್ಲ?

ಪಾಲಿಮರ್ ಸಂಶೋಧನಾ ವಿದ್ಯಾರ್ಥಿನಿ, ಮೂಲತಃ ಶಿಡ್ಲಘಟ್ಟ

ಈ ಪ್ರಶ್ನೆಯನ್ನು ನಾನೂ ಸಂಶೋಧನೆಯ ಮೊದಲ ವರ್ಷ ಕೇಳಿಕೊಂಡಿದ್ದೆ. ಉತ್ತರ ಸಿಗಲು ಬಹಳ ದಿನ ಹಿಡಿಯಿತು.

ಹರಳೆಣ್ಣೆ, ಅಗಸೆ ಎಣ್ಣೆ, ಸೋಯಾ ಎಣ್ಣೆಗಳಲ್ಲಿ ಹೆಚ್ಚಿನ ಪಾಲು ಇರುವ ಕೊಬ್ಬಿನಾಮ್ಲಗಳ ಬಾಲದಲ್ಲಿ ಹದಿನೆಂಟು ಇಂಗಾಲಗಳಿರುತ್ತವೆ. ಪಾಲಿಎಥಿಲೀನ್‌ನ ಸರಪಳಿಯಲ್ಲಿ ಇಂಗಾಲಗಳ ಸಂಖ್ಯೆ ಸಾವಿರಗಳಲ್ಲಿರುತ್ತದೆ. ಪ್ಲಾಸ್ಟಿಕ್‌ಗೆ ಗಟ್ಟಿತನ ಬರುವುದು ಈ ಉದ್ದನೆಯ ಸರಪಳಿಗಳು ಒಂದಕ್ಕೊಂದು ಹೆಣೆದುಕೊಂಡು ಬಿಡಿಸಲಾರದ ಸಿಕ್ಕಾಗುವುದರಿಂದ. ಗಿಡ್ಡ ಬಾಲವು ಆ ಸಿಕ್ಕಿನೊಳಗೆ ಸೇರುತ್ತದೆಯೇ ಹೊರತು ಹೆಣೆದುಕೊಳ್ಳುವುದಿಲ್ಲ. ಜಡೆಗೆ ಚೌರಿ ಸೇರಿಸುವಾಗ ಚೌರಿಯೂ ಉದ್ದವಿದ್ದರೆ ಮಾತ್ರ ಹೆಣಿಗೆ ನಿಲ್ಲುತ್ತದೆ. ಗೇಣುದ್ದದ ಕೂದಲನ್ನು ಸೇರಿಸಿ ಹೆಣೆದರೆ ತಲೆ ಕೊಡವಿದ ಕೂಡಲೇ ಉದುರುತ್ತದೆ. ನೀರು ಮತ್ತು ಎಣ್ಣೆಯ ಹನಿಗಳನ್ನು ಚದುರಿಸಿ ನಿಲ್ಲಿಸುವುದಷ್ಟೇ ಅಂಟುವಾಳದ ಕೆಲಸ, ಅದು ಭಾರ ಹೊರಬೇಕಾಗಿಲ್ಲ. ಪ್ಲಾಸ್ಟಿಕ್‌ನ ನಡುವೆ ನಿಲ್ಲುವ ಅಣು ಹನಿಗಳನ್ನು ಚದುರಿಸಬೇಕು, ಎಳೆತವನ್ನೂ ತಡೆಯಬೇಕು. ಉಪನ್ಯಾಸಕರ ಹೋಲಿಕೆ ಚೆನ್ನಾಗಿದ್ದರೂ ಇಲ್ಲಿಗೆ ಬಂದಾಗ ಕೈಕೊಡುತ್ತದೆ ಎಂದು ವಿನಯದಿಂದ ಹೇಳುತ್ತೇನೆ.

ಎಲ್‌ಡಿ, ಪಿಪಿಗಳ ಜೋಡಿಯಲ್ಲಿ ಇನ್ನೊಂದು ತೊಡಕಿದೆ. ಎರಡರಲ್ಲೂ ರಾಸಾಯನಿಕವಾಗಿ ಹಿಡಿಯಲು ಕೊಕ್ಕೆಯೇ ಇಲ್ಲ. ಕಾರ್ಡನಾಲ್‌ನ ಫಿನಾಲ್ ತುದಿಗಾಗಲಿ ಹರಳೆಣ್ಣೆಯ ಹೈಡ್ರಾಕ್ಸಿಲ್ ಗುಂಪಿಗಾಗಲಿ ಅಲ್ಲಿ ಕೆಲಸವಿಲ್ಲ. ಎಣ್ಣೆ ಬರೀ ಜಾರುವಿಕೆಯನ್ನು ಹೆಚ್ಚಿಸುತ್ತದೆ, ಪ್ರಮಾಣ ಹೆಚ್ಚಾದರೆ ಕೆಲವು ವಾರಗಳಲ್ಲಿ ಮೇಲ್ಮೈಗೆ ಬೆವರಿನಂತೆ ಒಸರುತ್ತದೆ. ಪಾಲಿಎಥಿಲೀನ್ ಮತ್ತು ಪಿಪಿಯನ್ನು ನಿಜವಾಗಿ ಬೆಸೆದದ್ದು ಬೇರೆ ಬಗೆಯ ಅಣು. 2017ರಲ್ಲಿ ಅಮೆರಿಕದ ಕಾರ್ನೆಲ್ ಮತ್ತು ಮಿನ್ನೆಸೋಟ ವಿಶ್ವವಿದ್ಯಾಲಯಗಳ ಸಂಶೋಧಕರು, ಪಾಲಿಎಥಿಲೀನ್ ಮತ್ತು ಪಾಲಿಪ್ರೊಪಿಲೀನ್‌ಗಳ ಉದ್ದನೆಯ ತುಂಡುಗಳನ್ನು ಒಂದರ ನಂತರ ಒಂದರಂತೆ ನಾಲ್ಕು ಖಂಡಗಳಾಗಿ ಜೋಡಿಸಿದ ಪಾಲಿಮರ್ ಒಂದನ್ನು ತಯಾರಿಸಿ, ಅದನ್ನು ಶೇ. 1ರಷ್ಟು ಸೇರಿಸಿದರೂ ಪೆಡಸಾದ ಮಿಶ್ರಣ ಗಟ್ಟಿಮುಟ್ಟಾಗುವುದನ್ನು ತೋರಿಸಿದರು. ಅದು ಗಿಡದಿಂದ ಬಂದದ್ದಲ್ಲ. ಅಲ್ಲಿ ಉಪಯೋಗಕ್ಕೆ ಬಂದದ್ದು ಖಂಡಗಳ ಉದ್ದ.

ಸಸ್ಯದ ಎಣ್ಣೆಗಳಿಗೆ ಎಲ್ಲಿ ಸ್ಥಾನವಿದೆಯೆಂದರೆ, ತುದಿಯಲ್ಲಿ ಕೊಕ್ಕೆಗಳಿರುವ ಪ್ಲಾಸ್ಟಿಕ್‌ಗಳಲ್ಲಿ. ಮೆಕ್ಕೆಜೋಳದ ಪಿಷ್ಟದಂಥವುಗಳಿಂದ ತಯಾರಾಗುವ ಪಿಎಲ್‌ಎ ಎಂಬ ಪ್ಲಾಸ್ಟಿಕ್ ಮತ್ತು ಅದರ ಜೊತೆಗಿನ ಮಿಶ್ರಣಗಳಲ್ಲಿ ಎಪಾಕ್ಸಿಡೀಕರಿಸಿದ ಸೋಯಾ ಎಣ್ಣೆ, ಮಲೇಯಿಕ್ ಅನ್‌ಹೈಡ್ರೈಡ್ ಸೇರಿಸಿದ ಅಗಸೆ ಎಣ್ಣೆ ಎರಡೂ ಪೆಡಸುತನವನ್ನು ಕಡಿಮೆ ಮಾಡುವುದು ಪ್ರಯೋಗಗಳಲ್ಲಿ ಕಂಡಿದೆ. ಅವು ಸರಪಳಿಯ ತುದಿಗಳೊಂದಿಗೆ ಪ್ರತಿಕ್ರಿಯಿಸಬಲ್ಲವು. ಪಿವಿಸಿಯಲ್ಲಿ ಸೋಯಾದ ಆ ರೂಪ ದಶಕಗಳಿಂದ ಬಳಕೆಯಲ್ಲಿದ್ದು, ಬಿಡುಗಡೆಯಾಗುವ ಆಮ್ಲವನ್ನು ಹೀರಿಕೊಳ್ಳುತ್ತದೆ. ಲಿಗ್ನಿನ್‌ಗೆ ಉತ್ಕರ್ಷಣವನ್ನು ತಡೆಯುವ ಗುಣವಿರುವುದರಿಂದ ಮತ್ತೆ ಮತ್ತೆ ಕರಗಿಸಿದ ಪಿಪಿಯ ಸರಪಳಿ ತುಂಡಾಗುವುದನ್ನು ಸ್ವಲ್ಪ ತಡೆಯಬಹುದು. ಆದರೆ 200 ಡಿಗ್ರಿ ದಾಟಿದ ಮೇಲೆ ಸಸ್ಯದ ನಾರು, ಲಿಗ್ನಿನ್ ಎಲ್ಲವೂ ಕಂದತೊಡಗಿ ಸುಟ್ಟ ವಾಸನೆ ಕೊಡುವುದರಿಂದ ಪೆಟ್ ಇರುವ ಬೆರಕೆಗೆ ಅವು ಒದಗುವುದಿಲ್ಲ. ಇನ್ನೊಂದು ಸಂಗತಿ: ಅಗಸೆ ಎಣ್ಣೆಗೆ ಸೇರಿಸುವ ಮಲೇಯಿಕ್ ಅನ್‌ಹೈಡ್ರೈಡ್ ಸಾಮಾನ್ಯವಾಗಿ ಪೆಟ್ರೋಲಿಯಂನಿಂದಲೇ ಬರುತ್ತದೆ. ನೂರಕ್ಕೆ ನೂರು ಎಂದು ಹೇಳುವವರನ್ನು ಇದೊಂದನ್ನು ಕೇಳಿ ನೋಡಬಹುದು.

ಚಿಂತಾಮಣಿಯವರೇ, ಗೋಡಂಬಿ ಎಣ್ಣೆಯ ಮೇಲೆ ನನಗೂ ಆಸೆಯಿದೆ. ಆದರೆ ಅದನ್ನು ಉದ್ದನೆಯ ಸರಪಳಿಗೆ ಕಸಿ ಮಾಡಿದ ಮೇಲೆ ಮಾತ್ರ ಅದು ಬೆಸುಗೆಯ ಕೆಲಸಕ್ಕೆ ಬಂದೀತು. ಆ ಕಸಿಯನ್ನು ಒಂಟಿ ಸ್ಕ್ರೂವಿನ ಯಂತ್ರದಲ್ಲಿ ಸರಿಯಾಗಿ ಮಾಡುವುದು ಕಷ್ಟ.

ಟೊಮೆಟೊ ಬೆಳೆಗಾರ, ಕೋಲಾರ ತಾಲ್ಲೂಕು

ಚರ್ಚೆಯ ನಡುವೆ ನಮ್ಮ ಕಷ್ಟವನ್ನೂ ಸೇರಿಸುತ್ತೇನೆ. ಟೊಮೆಟೊ, ಕ್ಯಾಪ್ಸಿಕಂ ಸಾಲುಗಳಿಗೆ ಹಾಸುವ ಮಲ್ಚಿಂಗ್ ಹಾಳೆ ಬೆಳೆ ಮುಗಿಯುವ ಹೊತ್ತಿಗೆ ಚಿಂದಿಯಾಗಿರುತ್ತದೆ. ಗುಜರಿಯವರು ಮುಟ್ಟುವುದಿಲ್ಲ, ಬದುವಿನಲ್ಲಿ ಸುಡುವವರೇ ಹೆಚ್ಚು. ಡ್ರಿಪ್ ಪೈಪನ್ನಾದರೆ ಕೇಳಿ ಕೊಂಡು ಹೋಗುತ್ತಾರೆ. ಎರಡೂ ಒಂದೇ ಜಾತಿಯ ಪ್ಲಾಸ್ಟಿಕ್ ಎನ್ನುತ್ತಾರಲ್ಲ, ಹಾಗಿದ್ದರೆ ಹಾಳೆಗೆ ಮಾತ್ರ ಈ ಗತಿ ಏಕೆ? ಅದಕ್ಕೆ ಏನಾದರೂ ಸೇರಿಸಿ ಉಪಯೋಗಕ್ಕೆ ತರಬಹುದೇ?

ಎಕ್ಸ್‌ಟ್ರೂಡರ್ ಚಾಲಕ, ಮಾಲೂರು

ಜಾತಿ ಒಂದೇ, ಆದರೆ ದಪ್ಪ ಬೇರೆ. ಮಲ್ಚಿಂಗ್ ಹಾಳೆ ಸಾಮಾನ್ಯವಾಗಿ 25–30 ಮೈಕ್ರಾನ್ ಇರುತ್ತದೆ. ಅದಕ್ಕೆ ಅಂಟಿದ ಮಣ್ಣಿನ ತೂಕ ಹಾಳೆಯ ತೂಕಕ್ಕಿಂತ ಹೆಚ್ಚಾಗುವುದೂ ಉಂಟು. ಆ ಮಣ್ಣಿನಲ್ಲಿರುವ ಮರಳು ಸ್ಕ್ರೂವನ್ನು ಉಜ್ಜುಗಾಗದದಂತೆ ಸವೆಸುತ್ತದೆ. ಒಮ್ಮೆ ನಾನು ಕೆಲಸ ಮಾಡುತ್ತಿದ್ದ ಕಡೆ ಮಾಲೀಕರು ಆಸೆಯಿಂದ ಎರಡು ಲಾರಿ ತರಿಸಿದ್ದರು. ತೊಳೆಯಲು ಹೋದ ನೀರನ್ನು ಕಂಡು ಮೂರನೆಯದನ್ನು ವಾಪಸು ಕಳಿಸಿದರು. ಇಲ್ಲಿ ಬೇಕಾಗಿರುವುದು ಸೇರಿಸುವ ವಸ್ತುವಲ್ಲ. ಸ್ವಲ್ಪ ದಪ್ಪನೆಯ ಹಾಳೆಯನ್ನು ಹಾಸಿ, ಮಣ್ಣು ಒಣಗಿರುವಾಗ ಹರಿಯದಂತೆ ಎತ್ತಿ, ಹೊಲದಲ್ಲಿಯೇ ಕೊಡವಿ ಸುತ್ತಿಟ್ಟರೆ ಕೊಳ್ಳುವವರು ಸಿಗಬಹುದು. ಪಾಲಿಹೌಸಿನ 200 ಮೈಕ್ರಾನ್ ಹಾಳೆಗೆ ಬೇಡಿಕೆ ಇರುವುದು ಇದೇ ಕಾರಣಕ್ಕೆ.

ನಾರಿನ ಘಟಕ, ತಿಪಟೂರು

ಸಸ್ಯಮೂಲ ಎಂದರೆ ಎಣ್ಣೆಯೊಂದೇ ಅಲ್ಲವಲ್ಲ. ಕೊಬ್ಬರಿಗೆ ಹೆಸರಾದ ನಮ್ಮೂರಿನಲ್ಲಿ ಮಟ್ಟೆ ಮತ್ತು ನಾರಿನ ಪುಡಿಗೆ ಕೊರತೆಯಿಲ್ಲ. ತೆಂಗಿನ ನಾರಿನಲ್ಲಿ ಲಿಗ್ನಿನ್ ಶೇ. 40ರ ಆಸುಪಾಸಿನಲ್ಲಿರುತ್ತದೆ, ಅದಕ್ಕೇ ಅದು ನೀರಿನಲ್ಲಿ ಬೇಗ ಕೊಳೆಯುವುದಿಲ್ಲ. ಗೆಳೆಯರೊಬ್ಬರ ಅಚ್ಚಿನಲ್ಲಿ ಹಳೆಯ ಪಿಪಿಗೆ ನಾರಿನ ಪುಡಿ ಬೆರೆಸಿ ಹಲಗೆ ಒತ್ತಿಸಿ ನೋಡಿದ್ದೆವು. ಮೊದಲ ಹಲಗೆಯ ತುಂಬ ಗುಳ್ಳೆಗಳಿದ್ದವು, ಮುರಿದು ನೋಡಿದರೆ ನಾರು ಹಾಗೆಯೇ ಕಿತ್ತುಕೊಂಡು ಬಂತು. ನಾರನ್ನು ಬಿಸಿಗಾಳಿಯಲ್ಲಿ ಚೆನ್ನಾಗಿ ಒಣಗಿಸಿದ ಮೇಲೆ ಗುಳ್ಳೆ ನಿಂತಿತು. ಮಲೇಯಿಕ್ ಕಸಿ ಮಾಡಿದ ಪಿಪಿಯನ್ನು ಶೇ. 3ರಷ್ಟು ಸೇರಿಸಿದ ಮೇಲೆ ನಾರು ಕಿತ್ತು ಬರುವುದೂ ಕಡಿಮೆಯಾಯಿತು.

ಪಾಲಿಮರ್ ಸಂಶೋಧನಾ ವಿದ್ಯಾರ್ಥಿನಿ, ಮೂಲತಃ ಶಿಡ್ಲಘಟ್ಟ

ನಾರಿನ ಮೇಲ್ಮೈಯಲ್ಲಿ ಹೈಡ್ರಾಕ್ಸಿಲ್ ಗುಂಪುಗಳಿವೆ, ಎಂದರೆ ಕೊಕ್ಕೆಗಳಿವೆ. ಕಸಿ ಮಾಡಿದ ಪಿಪಿ ಅವನ್ನು ಹಿಡಿಯುತ್ತದೆ, ಅದರ ಉದ್ದನೆಯ ಬಾಲ ಉಳಿದ ಪಿಪಿಯೊಳಗೆ ಹೆಣೆದುಕೊಳ್ಳುತ್ತದೆ. ನಿಮ್ಮ ಹಲಗೆಯಲ್ಲಿ ಸಸ್ಯವು ಭಾರ ಹೊರುವ ಪದಾರ್ಥವಾಗಿದೆ, ಬೆಸುಗೆ ಹಾಕಿದ್ದು ಮಾತ್ರ ಪೆಟ್ರೋಲಿಯಂನ ಮಗು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಒಂದು ಎಚ್ಚರಿಕೆ: ಹಾಗೆ ಮಾಡಿದ ಹಲಗೆಯನ್ನು ಮತ್ತೆ ಬೇರ್ಪಡಿಸಲಾಗದು. ಬಹಳ ಕಾಲ ಬಾಳುವ ವಸ್ತುವಿಗೆ ಮಾತ್ರ ಅದನ್ನು ಬಳಸುವುದು ಒಳ್ಳೆಯದು. ನಮ್ಮ ಕಡೆ ರೇಷ್ಮೆ ಹುಳು ಗೂಡು ಕಟ್ಟಲು ಬಳಸುವ ಪ್ಲಾಸ್ಟಿಕ್ ನೇತ್ರಿಕೆಗಳು ಒಂದೇ ಬಗೆಯ ಪ್ಲಾಸ್ಟಿಕ್‌ನಿಂದ ಆಗಿರುವುದರಿಂದ ಹಳತಾದ ಮೇಲೂ ಅವಕ್ಕೆ ಬೆಲೆಯಿದೆ.

ದಾನಾ ಘಟಕ, ತುಮಕೂರು

ಹತ್ತು ದಿನಗಳ ನಂತರ ಮತ್ತೆ ಬರೆಯುತ್ತಿದ್ದೇನೆ. ಮಾತಿಗಿಂತ ಯಂತ್ರವೇ ಹೇಳಲಿ ಎಂದುಕೊಂಡು ಹತ್ತು ಹತ್ತು ಕಿಲೋಗಳ ನಾಲ್ಕು ಲಾಟ್ ಎಳೆದೆ.

ಗುಜರಿಯಿಂದ ಬಂದ ಬೆರಕೆಯನ್ನು ಹಾಗೆಯೇ ಎಳೆದದ್ದು ಮೊದಲನೆಯದು. ಅದೇ ಬೆರಕೆಗೆ ಆ ಪುಡಿಯನ್ನು ಶೇ. 2ರಂತೆ ಹಾಕಿದ್ದು ಎರಡನೆಯದು. ಮೂರನೆಯದು ಗುಬ್ಬಿಯ ಅಕ್ಕ ಅವರ ಒಕ್ಕೂಟದಿಂದ ತರಿಸಿದ ಬರಿಯ ಎಲ್‌ಡಿ. ಅದೇ ಎಲ್‌ಡಿಗೆ ಹತ್ತರಲ್ಲಿ ಒಂದು ಪಾಲು ಪಿಪಿ ಕವರು ಸೇರಿಸಿ, ಪುಡಿ ಹಾಕದೆ ಎಳೆದದ್ದು ನಾಲ್ಕನೆಯದು. ಎಲ್ಲವನ್ನೂ ಒಂದೇ ದಪ್ಪದ ಪಟ್ಟಿಗಳಾಗಿ ಒತ್ತಿ, ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ವೈಸಿನಲ್ಲಿ ಕಚ್ಚಿಸಿ ಮಡಿಚಿದೆ.

ಮೊದಲನೆಯದು ಎರಡನೆಯ ಮಡಿಕೆಗೇ ಮುರಿಯಿತು. ಮುರಿದ ಬಾಯಿಯಲ್ಲಿ ಈರುಳ್ಳಿಯ ಸಿಪ್ಪೆಯಂತೆ ಪದರಗಳು ಎದ್ದಿದ್ದವು. ಪುಡಿ ಹಾಕಿದ ಲಾಟ್ ಎಳೆಯುವಾಗ ಮೋಟಾರಿನ ಆಂಪಿಯರ್ ಸ್ವಲ್ಪ ಇಳಿದದ್ದು, ಡೈಯಿಂದ ಎಳೆ ನುಣುಪಾಗಿ ಬಂದದ್ದು ನಿಜ, ದಾನಾಗೆ ಒಳ್ಳೆಯ ಹೊಳಪೂ ಇತ್ತು. ಮಡಿಚಿದಾಗ ಮಾತ್ರ ಅದೇ ಈರುಳ್ಳಿಯ ಸಿಪ್ಪೆ. ಹೊಳಪನ್ನು ನೋಡಿ ಕೊಳ್ಳುವವರಿಗೆ ತೋರಿಸಲೆಂದೇ ಈ ಪುಡಿ ಹುಟ್ಟಿದೆಯೋ ಎನ್ನಿಸಿತು. ಬರಿಯ ಎಲ್‌ಡಿ ಮಡಿಚಿದ ಕಡೆ ಬೆಳ್ಳಗಾಯಿತೇ ಹೊರತು ಮುರಿಯಲಿಲ್ಲ. ನಾಲ್ಕನೆಯದು ಎಂಟೊಂಬತ್ತು ಮಡಿಕೆ ತಡೆದು ಆಮೇಲೆ ಒಂದು ಅಂಚಿನಲ್ಲಿ ಸೀಳು ಬಿಟ್ಟಿತು. ಒಳಚರಂಡಿಯ ಪೈಪಿಗೆ ಬೇಡ, ತೋಟದ ಪೈಪಿಗೆ ನಡೆದೀತು.

ಪುಡಿಯ ಬೆಲೆಯನ್ನು ಅಕ್ಕ ಹೇಳಿದಂತೆ ಹಂಚಿ ನೋಡಿದೆ. ಆ ಹಣದಲ್ಲಿ ವಿಂಗಡಿಸಿದ ಎಲ್‌ಡಿಗೆ ಗುಜರಿ ದರಕ್ಕಿಂತ ಕಿಲೋಗೆ ಎರಡು ರೂಪಾಯಿ ಹೆಚ್ಚು ಕೊಡಬಹುದು, ಅದರ ಮೇಲೆ ವಾಪಸು ಬರುವ ಮಾಲಿನ ನಷ್ಟವೂ ಉಳಿಯುತ್ತದೆ. ಮಾರಾಟಗಾರರಿಗೆ ಚೀಲವನ್ನು ತೆಗೆದುಕೊಂಡು ಹೋಗುವಂತೆ ಫೋನ್ ಮಾಡಿದ್ದೇನೆ, ಇನ್ನೂ ಬಂದಿಲ್ಲ.

ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ತುಮಕೂರು

ವೈಸಿನ ಪರೀಕ್ಷೆ ಒಳ್ಳೆಯದೇ, ಆದರೂ ನಾಲ್ಕನೆಯ ಲಾಟಿನ ಪಟ್ಟಿಗಳನ್ನು ಪ್ಲಾಸ್ಟಿಕ್ ಪರೀಕ್ಷಿಸುವ ಮೈಸೂರಿನ ಸಿಪೆಟ್ ಕೇಂದ್ರಕ್ಕೆ ಕಳಿಸಿ ಎಳೆತ ಮತ್ತು ಹೊಡೆತದ ಅಂಕಿಗಳನ್ನು ಬರೆಸಿಕೊಳ್ಳಿ. ಪೈಪು ಮಾಡುವವರ ಮುಂದೆ ಕಾಗದವಿದ್ದರೆ ದರ ಮಾತಾಡಲು ಬಲ ಬರುತ್ತದೆ. ವಿದ್ಯಾರ್ಥಿನಿಯವರು ನನ್ನ ಅಂಟುವಾಳವನ್ನು ತಿದ್ದಿದ್ದು ಸರಿಯಾಗಿದೆ. ಮುಂದಿನ ಸಲ ಚೌರಿಯನ್ನೇ ಹೇಳುತ್ತೇನೆ.

ಒಕ್ಕೂಟದ ಸದಸ್ಯೆ, ಗುಬ್ಬಿ ತಾಲ್ಲೂಕು

ಎರಡು ರೂಪಾಯಿಯ ಮಾತನ್ನು ಒಕ್ಕೂಟದ ಸಭೆಯಲ್ಲಿ ಇಟ್ಟಿದ್ದೇನೆ, ಎಲ್ಲರೂ ಒಪ್ಪಿದ್ದಾರೆ. ಈಗ ನಮಗೆ ಉಳಿದಿರುವ ಚಿಂತೆ ಬೆಳ್ಳಿಯ ಬಣ್ಣದ ಪೊಟ್ಟಣಗಳದು. ಮೂವತ್ತೆಂಟು ಚೀಲಗಳು ಶೆಡ್ಡಿನ ಅರ್ಧ ಜಾಗವನ್ನು ಹಿಡಿದಿವೆ. ಇನ್ನೊಂದು ಕಡೆ, ಗೊಬ್ಬರವಾಗುತ್ತದೆ ಎಂದು ಮುದ್ರಿಸಿದ ಹಸಿರು ಕವರುಗಳು ಈಚೆಗೆ ಎಲ್‌ಡಿಯ ಜೊತೆ ಬರುತ್ತಿವೆ, ಅವೂ ಮೆತ್ತಗೇ ಇರುತ್ತವೆ. ಅವನ್ನು ಎಲ್‌ಡಿ ಬೇಲ್‌ಗೆ ಹಾಕಬಹುದೇ?

ಪಾಲಿಮರ್ ಸಂಶೋಧನಾ ವಿದ್ಯಾರ್ಥಿನಿ, ಮೂಲತಃ ಶಿಡ್ಲಘಟ್ಟ

ದಯವಿಟ್ಟು ಹಾಕಬೇಡಿ, ಅಕ್ಕ. ಅವು ಬೇರೆಯೇ ವಂಶದ ಪ್ಲಾಸ್ಟಿಕ್. ಎಲ್‌ಡಿಯ ನಡುವೆ ಸೇರಿದರೆ ದಾನಾ ಮತ್ತೆ ಸೀಳುತ್ತದೆ. ಕವರಿನ ಮೇಲೆ ಐಎಸ್ 17088 ಎಂಬ ಮಾನಕದ ಸಂಖ್ಯೆಯಿದ್ದರೆ ಪ್ರತ್ಯೇಕ ಗುಡ್ಡೆ ಮಾಡಿ. ಬೆಳ್ಳಿ ಪೊಟ್ಟಣಗಳಲ್ಲಿ ಎರಡು ಮೂರು ಬಗೆಯ ಪದರಗಳು ಅಂಟಿಕೊಂಡಿರುವುದರಿಂದ ಕೈಯಿಂದ ವಿಂಗಡಿಸುವುದು ಅಸಾಧ್ಯ, ಒಳ್ಳೆಯ ಬೆಸುಗೆಕಾರಕ ನಿಜವಾಗಿ ಬೇಕಾಗಿರುವುದು ಅಲ್ಲಿಯೇ. 2022ರ ಫೆಬ್ರುವರಿಯಲ್ಲಿ ಬಂದ ಉತ್ಪಾದಕರ ಹೊಣೆಗಾರಿಕೆಯ ನಿಯಮಗಳಲ್ಲಿ ಇವು ಮೂರನೆಯ ವರ್ಗಕ್ಕೆ ಸೇರುತ್ತವೆ. ಪೊಟ್ಟಣವನ್ನು ಮಾರುಕಟ್ಟೆಗೆ ಬಿಟ್ಟ ಕಂಪನಿಗಳೇ ಇವುಗಳ ವಿಲೇವಾರಿಗೆ ಹೊಣೆ. ಆ ಚೀಲಗಳ ತೂಕವನ್ನು ದಿನಾಂಕದೊಂದಿಗೆ ಬರೆದಿಟ್ಟುಕೊಂಡು, ಆ ಕಂಪನಿಗಳ ಪರವಾಗಿ ಸಂಗ್ರಹಿಸುವ ನೋಂದಾಯಿತ ಸಂಸ್ಥೆ ಯಾವುದೆಂದು ಪಂಚಾಯಿತಿಯ ಮೂಲಕ ವಿಚಾರಿಸಿ.

ದಾನಾ ಘಟಕ, ತುಮಕೂರು

ಅಕ್ಕ, ಗುರುವಾರ ಬೆಳಗ್ಗೆ ನಮ್ಮ ಗಾಡಿ ಗುಬ್ಬಿಯ ಕಡೆ ಬರುತ್ತದೆ. ಎಲ್‌ಡಿಯನ್ನು ನೀಲಿ ದಾರದಿಂದಲೂ ಪಿಪಿಯನ್ನು ಕೆಂಪು ದಾರದಿಂದಲೂ ಕಟ್ಟಿಸಿಡಿ, ಎಚ್‌ಎಂ ಬೇರೆ ಇರಲಿ. ತೂಕದ ಯಂತ್ರವನ್ನು ನಾನೇ ತರುತ್ತೇನೆ. ನಿಮ್ಮ ಎದುರಿಗೇ ತೂಗೋಣ.